ಎಡ ಬಲವಿಲ್ಲದ ಜೋಡು

ಮುಂದಿನವನ ಬಲ ಹಿಮ್ಮಡಿ ಮತ್ತೆ ಒಳಕ್ಕೆ ವಾಲುತ್ತಿದೆ, ವಾಲಲಿ, ನನಗೇನು, ಹನ್ನೆರಡು ವಾರದಿಂದ ವಾಲುತ್ತಲೇ ಇದೆ, ಇಂಥ ಕಾಲಿಗೆ ಒಳಬದಿಯಲ್ಲಿ ಒಂದು ಚೂರು ಚರ್ಮ ಏರಿಸಿ ಕೊಡಬೇಕು, ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ಅಂಚು ಸವೆದು ಇಡೀ ಶೂ ಸೊಟ್ಟಗಾಗುತ್ತದೆ, ಹಲ್ಲಿನ ಡಾಕ್ಟರಂತೆ, ಕಂಡಕಂಡವರ ಸೊಟ್ಟ ಹಲ್ಲಿಗೆಲ್ಲ ತಂತಿ ಕಟ್ಟಿ ನೆಟ್ಟಗೆ ಮಾಡುವವನಿಗೆ ತನ್ನ ಕಾಲು ಸೊಟ್ಟಗಿರುವುದು ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಅಷ್ಟು ಖುಷಿಯಾಗಿದ್ದಾನೆ, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಕತ್ತು ಕೊಂಕಿಸುತ್ತಾನೆ, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವನಿಗೆ ಹೆತ್ತವನೂ ಇವನೇ ಹೆಗ್ಗಣವೂ ಇವನೇ — ಮತ್ತು ಒಂದು, ಮತ್ತು ಎರಡು, ಕಂಬಿ ಹಿಡ್ಕೋಬೇಡಿ, ಕಂಬಿ ಮೇಲೆ ಕೈ ಇಡಿ ಅಷ್ಟೇ, ಇದೇನು ಬಸ್ಸಲ್ಲ — ಟೀಚರಮ್ಮನ ಈ ಜೋಕು ಹನ್ನೆರಡನೆಯ ಸಲ, ಬೇಕರಿಯವಳು ನಗುವುದೂ ಹನ್ನೆರಡನೆಯ ಸಲ, ಅವಳು ನಕ್ಕರೆ ಕಂಬಿ ಪೂರ್ತಿ ಅಲುಗುತ್ತದೆ, ನನ್ನ ಕೈ ಅಲುಗುತ್ತದೆ, ಕೈ ಅಲುಗಿದ್ದಕ್ಕೆ ಟೀಚರಮ್ಮ ನನ್ನ ಕಡೆ ನೋಡುತ್ತಾಳೆ, ನೋಡಲಿ, ಹೂಜಿ, ಅವಳನ್ನು ಮನಸ್ಸಿನಲ್ಲಿ ನಾನು ಕರೆಯುವುದು ಹೂಜಿ ಎಂದೇ, ಅಷ್ಟುದ್ದದ ಕುತ್ತಿಗೆ, ಒಳಗೆ ಎಷ್ಟು ನೀರಿದೆಯೋ ಇನ್ನೂ ತಿಳಿದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅನ್ನುವವರು ಅನ್ನಲಿ, ಆದರೆ ಈ ನೆಲ ನಿಜವಾಗಿಯೂ ಡೊಂಕು, ಮೊದಲ ದಿನವೇ ಬೇಕರಿಯವಳ ನೀರಿನ ಬಾಟಲಿ ಬಿದ್ದು ಕನ್ನಡಿಯ ಕಡೆಯಿಂದ ಬಾಗಿಲವರೆಗೆ ಯಾರೂ ತಳ್ಳದೆ ಉರುಳಿ ಹೋಯಿತು, ನಾನು ಹೇಳಿದೆ, ಎಲ್ಲರೂ ನಕ್ಕರು, ಬೀಗದ ಅಂಗಡಿಯ ಮಾಳಿಗೆಯ ಮೇಲೆ ಹಲಗೆ ಹಾಸಿ ಅದಕ್ಕೆ ನೃತ್ಯಶಾಲೆ ಎಂದು ಬೋರ್ಡು ಬರೆಸಿದರೆ ನೆಲ ನೆಟ್ಟಗಾಗುತ್ತದೆಯೇ, ಕೆಳಗೆ ಬೀಗದವನು ಕೀಲಿ ಉಜ್ಜುವ ಕಿರ್ರ್ ಸದ್ದು, ಮೇಲೆ ಪಿಯಾನೊ, ಎತ್ತು ಏರಿಗೆ ಕೋಣ ನೀರಿಗೆ. ಇವತ್ತು ಕೊನೆಯ ತರಗತಿ, ಮನೆಯವರನ್ನೆಲ್ಲ ಕರೆಯಿರಿ ಎಂದಿದ್ದಾಳೆ ಹೂಜಿ, ಗೋಡೆಗೆ ಒರಗಿಸಿ ಹದಿನಾಲ್ಕು ಮಡಿಸುವ ಕುರ್ಚಿ ಹಾಕಿದ್ದಾರೆ, ಡಾಕ್ಟರನ ಹೆಂಡತಿ, ಅತ್ತೆ, ಮಾವ, ಬೇಕರಿಯವಳ ಕಡೆಯಿಂದ ಒಂದು ಇಡೀ ಸಂಸಾರ, ನನ್ನ ಕಡೆಯಿಂದ ಗಂಡ ಒಬ್ಬ, ಮಡಿಲಲ್ಲಿ ನನ್ನ ಕೈಚೀಲ ಇಟ್ಟುಕೊಂಡು ಆಸ್ಪತ್ರೆಯಲ್ಲಿ ಸರದಿ ಕಾಯುವವನ ಹಾಗೆ ಕೂತಿದ್ದಾನೆ, ಅವನ ಪಕ್ಕದ ಎರಡು ಕುರ್ಚಿ ಖಾಲಿ, ಮಗಳು ಬಂದರೆ ಒಂದರಲ್ಲಿ ಕೂರುತ್ತಾಳೆ, ಬರದಿದ್ದರೆ ಇಲ್ಲ.

ಪ್ಲಿಯೇ ಅಂದರೆ ಮಂಡಿ ಮಡಿಸುವುದು, ಅಷ್ಟೇ, ಅದಕ್ಕೊಂದು ಪರಭಾಷೆಯ ಹೆಸರು, ತಾಂದ್ಯು ಅಂದರೆ ಪಾದವನ್ನು ನೆಲಕ್ಕೆ ಉಜ್ಜುತ್ತ ಮುಂದಕ್ಕೆ ಚಾಚುವುದು, ನೆಲ ಒರೆಸುವಾಗ ಕಾಲಡಿಗೆ ಒದ್ದೆ ಬಟ್ಟೆ ಹಾಕಿಕೊಂಡು ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ, ಯಾರೂ ಕುರ್ಚಿ ಹಾಕಿ ಕೂತು ನೋಡಲಿಲ್ಲ. ಹಿಮ್ಮಡಿ ಮುಂದೆ ತನ್ನಿ, ನಿಮ್ಮದು ಚೆನ್ನಾಗಿದೆ ಮೇಡಂ, ಮಂಡಿ ಸರಿಯಾಗಿ ಬೆರಳಿನ ಮೇಲೇ ಬರ್ತಿದೆ, ಎಂದು ಹೂಜಿ ನನಗೆ ಹೇಳುತ್ತಾಳೆ, ಡಾಕ್ಟರನ ಅತ್ತೆಗೂ ಕೇಳಿಸಿತು, ಬರದೆ ಏನು, ಕಾಲು ಅಂದರೆ ಏನು ಎಂದು ಇವಳಿಂದ ಕಲಿಯಬೇಕೇ ನಾನು, ಶೂ ಕಾರ್ಖಾನೆಯಲ್ಲಿ ಕೊನೆಯ ಮೇಜು ನನ್ನದು, ಇಪ್ಪತ್ತೆರಡು ವರ್ಷ, ನನ್ನ ಕೈ ದಾಟದೆ ಒಂದು ಜೊತೆಯೂ ಡಬ್ಬಿಯೊಳಗೆ ಹೋಗಿಲ್ಲ, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ಎತ್ತಿ ಹಿಡಿಯಬೇಕು, ಮೂತಿ ಎರಡೂ ಸಮ ಇದೆಯೇ, ಹೊಲಿಗೆ ಓಡಿಹೋಗಿದೆಯೇ, ಗೋಂದು ಅಂಚಿಗೆ ಉಕ್ಕಿದೆಯೇ, ಕೊನೆಗೆ ಬಲಗೈ ಹೆಬ್ಬೆರಳನ್ನು ಒಳಗೆ ತೂರಿಸಿ ಒಳಅಟ್ಟೆಯ ಮೇಲೆ ತುದಿಯಿಂದ ಹಿಂದಕ್ಕೆ ಒಂದೇ ಎಳೆತ, ಅಕ್ಕಿಕಾಳಿನಷ್ಟು ಉಬ್ಬು ತಗ್ಗು ಸಿಕ್ಕಿದರೂ ಅಡಿಯಲ್ಲಿ ಸೀಮೆಸುಣ್ಣದ ಗುರುತು, ಆಚೆ ಬುಟ್ಟಿಗೆ, ನಿನ್ ಕೈಗೆ ಸಿಕ್ಕಿದ್ರೆ ದೇವರ ಪಾದಕ್ಕೂ ಗುರುತು ಹಾಕ್ತೀಯ ಕಣಮ್ಮ ಎನ್ನುತ್ತಾನೆ ಮೇಸ್ತ್ರಿ, ಹಾಕುತ್ತೇನೆ, ಸರಿಯಿಲ್ಲದಿದ್ದರೆ ಹಾಕದೆ ಬಿಡುತ್ತೇನೆಯೇ. ಮಗಳು ಇದನ್ನು ಬೇರೆ ಥರ ಹೇಳುತ್ತಿದ್ದಳು, ಅಮ್ಮ ನಂಗೆ ಹೊಟ್ಟೇಲಿದ್ದಾಗ್ಲೇ ಗುರುತು ಹಾಕಿದ್ಲು, ಬುಟ್ಟಿಗೆ ಹಾಕೋಕೆ ಅಪ್ಪ ಬಿಡ್ಲಿಲ್ಲ, ಎಂದು ನಾದಿನಿಯ ಮುಂದೆ ಹೇಳಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ, ಆ ಮಾತಿನಲ್ಲಿ ನಗುವಂಥದ್ದೇನಿತ್ತು ಎಂದು ಈಗ ಅನ್ನಿಸುತ್ತದೆ. ಒಂಬತ್ತನೆಯ ವಯಸ್ಸಿನಿಂದ ಈ ಕುಣಿತ, ನಾನು ಬೇಡವೆನ್ನಲಿಲ್ಲ, ಬೇಡವೆಂದದ್ದು ಎಂದಿಗೂ ಇಲ್ಲ, ಮಂಡಿ ಸಾಲದು, ಬೆನ್ನು ಸಾಲದು, ಸಾಲಿನಲ್ಲಿ ಆ ಮೂರನೆಯವಳು ನಿನಗಿಂತ ಚೆನ್ನಾಗಿ ನಿಂತಿದ್ದಳು ಎಂದು ಹೇಳಿದ್ದೇನೆ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಈಗ ತಿರುಗಿ, ಎಡಗೈ ಕಂಬಿ ಮೇಲೆ, ಎಡ ಅಂದರೆ ಎಡ ಡಾಕ್ಟ್ರೇ, ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ, ನನಗೆ ಎದುರಾಗಿ ನಿಂತು ಹಲ್ಲು ಕಿರಿಯುತ್ತಾನೆ, ಹಲ್ಲು ಮಾತ್ರ ನೆಟ್ಟಗಿದೆ. ಎಡ ಬಲ ಗೊತ್ತಿಲ್ಲದವರಿಗೆ ತಕ್ಕ ಜೋಡು ಇದು, ಹೌದಲ್ಲ, ಜಗತ್ತಿನಲ್ಲಿ ಎಲ್ಲ ಕಾಲಿಗೂ ಎಡ ಬಲ ಇದೆ, ಚಪ್ಪಲಿಗಿದೆ, ಬೂಟಿಗಿದೆ, ಇವರ ಶೂಗೆ ಮಾತ್ರ ಇಲ್ಲ, ಎರಡೂ ಒಂದೇ ಅಚ್ಚಿನಿಂದ ತೆಗೆದದ್ದು, ಮೂತಿ ನಟ್ಟ ನಡುವೆ, ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದ ದಿನ ನನ್ನ ರಕ್ತ ಕುದಿಯಿತು. ಶನಿವಾರ, ಮಧ್ಯಾಹ್ನ ಊಟ ಮಾಡಿ ಮಗಳು ಮಲಗಿದ್ದಳು, ಮಾರನೆಯ ದಿನ ದೊಡ್ಡ ಶಾಲೆಯ ಆಯ್ಕೆ, ವರ್ಷಕ್ಕೊಂದೇ ಸಲ, ನೂರು ಜನ ಹೋದರೆ ಆರು ಜನರನ್ನು ಇಟ್ಟುಕೊಳ್ಳುತ್ತಾರೆ, ಚೀಲ ಕುರ್ಚಿಯ ಮೇಲಿತ್ತು, ಇಷ್ಟು ವರ್ಷ ಅವಳ ಕುಣಿತದ ಶೂಗಳನ್ನು ಕೊಡಿಸುತ್ತಿದ್ದದ್ದು ನಾದಿನಿ, ಒಗೆಯುವ ಹಾಗಿಲ್ಲ ಮುಟ್ಟಬೇಡ ಎಂದು ಮಗಳು ಚೀಲದಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ, ನಾನೂ ನೋಡುವ ಗೋಜಿಗೆ ಹೋಗಿರಲಿಲ್ಲ, ಅವತ್ತು ತೆಗೆದೆ, ಬೆರಳ ತುದಿಯ ಮೇಲೆ ನಿಲ್ಲುವ ಆ ಗಟ್ಟಿ ಮೂತಿಯ ಗುಲಾಬಿ ಶೂಗಳು, ಅಭ್ಯಾಸದಂತೆ ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ಎತ್ತಿ ಹಿಡಿದೆ — ಎರಡೂ ಒಂದೇ ಕಾಲಿನವು. ನನ್ನ ಮಗಳಿಗೆ, ನಾನು ಕೊನೆಯ ಮೇಜಿನಲ್ಲಿ ಕೂತಿರುವಾಗ, ಯಾವನೋ ಒಂದೇ ಕಾಲಿನ ಎರಡು ಶೂ ಕಟ್ಟಿ ಕೊಟ್ಟಿದ್ದಾನೆ, ಅವಳು ಬಾಯಿ ಮುಚ್ಚಿಕೊಂಡು ಅದನ್ನೇ ಹಾಕಿಕೊಂಡು ಒಂದೂವರೆ ತಿಂಗಳಿನಿಂದ ಕುಣಿಯುತ್ತಿದ್ದಾಳೆ, ಅದಕ್ಕೇ ಕಾಲೆಲ್ಲ ಬೊಬ್ಬೆ, ಅದಕ್ಕೇ ರಾತ್ರಿ ಉಪ್ಪು ನೀರು. ಹೆಬ್ಬೆರಳು ಒಳಗೆ ತೂರಿಸಿದೆ, ಅಲ್ಲಿ ಇನ್ನೂ ಚೆಂದ, ಒಳಅಟ್ಟೆ ಸಮತಟ್ಟಾಗಿಯೇ ಇಲ್ಲ, ಗುಳಿ, ಒಂದರ ಪಕ್ಕ ಒಂದು, ಐದು ಗುಳಿ, ಇನ್ನೊಂದರಲ್ಲೂ ಐದು, ಅದರಲ್ಲಿ ಐದನೆಯದು ಸಾಲಿನಲ್ಲೇ ಇಲ್ಲ, ನಾಲ್ಕನೆಯದರ ಕೆಳಗೆ ಸರಿದು ಅಡಗಿಕೊಂಡಿದೆ, ದೋಷದೊಳಗೊಂದು ದೋಷ, ಇದನ್ನು ಪಾಸು ಮಾಡಿದ ಕೈಗೆ ಲಕ್ವ ಹೊಡೆಯಲಿ ಎಂದುಕೊಂಡೆ.

ಎಬ್ಬಿಸಿ ಕೇಳಬಹುದಿತ್ತು, ಕೇಳಲಿಲ್ಲ, ನನ್ನ ಕೆಲಸದ ವಿಷಯದಲ್ಲಿ ಹದಿನೇಳು ವರ್ಷದ ಹುಡುಗಿಯನ್ನು ಏನು ಕೇಳುವುದು, ಚೀಲದಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಹೋದೆ, ಶನಿವಾರ ಆವಿಯ ಪೆಟ್ಟಿಗೆ ಖಾಲಿ ಇರುತ್ತದೆ, ಐದು ನಿಮಿಷ ಆವಿಗೆ ಇಟ್ಟೆ, ಮೂತಿ ಬೆಣ್ಣೆಯ ಹಾಗೆ ಮೆತ್ತಗಾಯಿತು, ಒಳಗೆ ಮರವೋ ಚರ್ಮವೋ ಇದೆ ಎಂದುಕೊಂಡಿದ್ದೆ, ಬಟ್ಟೆ, ಕಾಗದ, ಗೋಂದು, ಅಷ್ಟೇ, ಅದೂ ಕಳಪೆ, ಮಕ್ಕಳ ಬೂಟಿನ ಅಚ್ಚುಗಳಲ್ಲಿ ಅವಳ ಅಳತೆಯ ಎಡ ಒಂದು ಬಲ ಒಂದು ಆರಿಸಿ ಅದರ ಮೇಲೆ ಎಳೆದು ಕೂರಿಸಿದೆ, ಸುತ್ತಿಗೆಗೆ ಬಟ್ಟೆ ಸುತ್ತಿ ಮೆಲ್ಲಗೆ ತಟ್ಟಿದೆ, ರೇಷ್ಮೆ ಒಂದೆಳೆ ಜರುಗಲಿಲ್ಲ, ಇನ್ನು ಒಳಅಟ್ಟೆ, ನುಣುಪು ಮಾಡುವ ಕಬ್ಬಿಣ ಬಿಸಿ ಮಾಡಿಕೊಂಡು ಆ ಗುಳಿಗಳನ್ನು ಒಂದೊಂದಾಗಿ ಉಜ್ಜಿ ಉಜ್ಜಿ ಸಮ ಮಾಡಿದೆ, ಹತ್ತೂ ಹೋಗುವವರೆಗೆ ಉಜ್ಜಿದೆ, ಆ ಅಡಗಿಕೊಂಡಿದ್ದದ್ದು ಹೋಗಲು ತುಸು ಹೊತ್ತು ಹಿಡಿಯಿತು. ಆರಿದ ಮೇಲೆ ನೋಡಿದರೆ ಎಂಥ ಜೋಡು, ಎಡ ಅಂದರೆ ಎಡ, ಬಲ ಅಂದರೆ ಬಲ, ಮೇಸ್ತ್ರಿಯೇ ಬಂದಿದ್ದರೂ ಕೈ ಮುಗಿಯಬೇಕು, ತಂದು ಚೀಲದೊಳಗೆ ಹಾಗೇ ಇಟ್ಟೆ, ಹೇಳಲಿಲ್ಲ, ಹಾಕಿಕೊಂಡಾಗ ಅವಳಿಗೇ ತಿಳಿಯಲಿ ಎಂದು, ಯಾವತ್ತೂ ಹೊಗಳದ ಅಮ್ಮ ಏನು ಮಾಡಿದಳು ನೋಡು ಎಂದು ಅವಳಿಗೆ ಅನ್ನಿಸಲಿ ಎಂದು, ಪ್ರೀತಿಯಿಂದಲೇ ಮಾಡಿದೆ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಆದರೆ ಯಾರೂ ಕೇಳುವುದಿಲ್ಲ. ಮಾರನೆಯ ದಿನ ಸಂಜೆ ನಾಲ್ಕಕ್ಕೆ ವಾಪಸು ಬಂದಳು, ಎರಡು ಶೂಗಳನ್ನೂ ಊಟದ ಮೇಜಿನ ಮೇಲೆ ಅಡಿ ಮೇಲಾಗಿ ಇಟ್ಟಳು, ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ತುದಿ ಮೇಲೆ ಹತ್ತಿದೆ, ಮೂತಿ ಮಡಿಚಿಕೊಳ್ತು, ಇಳಿದೆ, ಇನ್ನೊಂದ್ಸಲ ಹತ್ತಿದೆ, ಥ್ಯಾಂಕ್ಯೂ ಮುಂದಿನವರು ಬನ್ನಿ ಅಂದ್ರು, ಇಷ್ಟೇ, ಇದಕ್ಕೆ ಎಡ ಬಲ ಇರಲ್ಲಮ್ಮ, ಯಾರ ಶೂಗೂ ಇರಲ್ಲ, ನಾನು ಹೇಳಿದೆ, ಹಾಗಾದರೆ ಮಾಡಿದವನೇ ಮುಠ್ಠಾಳ, ಎಡ ಬಲ ಇಲ್ಲದ ಜೋಡು ಜೋಡೇ ಅಲ್ಲ, ಹೇಳಬಾರದಿತ್ತು, ಆಗಲೂ ಸುಮ್ಮನಿರಲಾಗಲಿಲ್ಲ ಈ ಬಾಯಿಗೆ, ಅವಳು ನನ್ನನ್ನೇ ನೋಡಿದಳು, ಒಂದ್ಸಲ ನೀನೇ ಹಾಕ್ಕೊಂಡು ನಿಂತು ನೋಡು, ಆಮೇಲೆ ನನ್ ಹತ್ರ ಮಾತಾಡು, ಎಂದು ಹೇಳಿ ಚೀಲ ತುಂಬಿಕೊಂಡು ನಾದಿನಿಯ ಮನೆಗೆ ಹೋದಳು, ನಾಲ್ಕು ತಿಂಗಳಾಯಿತು.

ಶೂ ತೆಗೀರಿ, ಈಗ ಮಾಡರ್ನ್, ಬರಿಗಾಲು, ಎಲ್ಲರೂ ಗೋಡೆ ಬದಿಗೆ ಒದೆಯುತ್ತಾರೆ, ಒಂದರ ಮೇಲೊಂದು ಗುಡ್ಡೆ, ನಮ್ಮವು ಬೆರಳ ತುದಿಯ ಶೂ ಅಲ್ಲ, ಕಲಿಯುವವರಿಗೆ ಕೊಡುವ ತೆಳು ಚರ್ಮದ ಮೆತ್ತನೆಯವು, ಆದರೆ ತಳಿ ಅದೇ, ಎಡ ಬಲ ಇಲ್ಲದ್ದೇ. ಮೊದಲ ದಿನ ಹೂಜಿಯನ್ನು ಕೇಳಿದೆ, ಇದರಲ್ಲಿ ಯಾವುದು ಎಡ, ಯಾವುದು ಬೇಕಾದ್ರೂ ಮೇಡಂ, ನೀವು ಹಾಕ್ಕೊಂಡಿದ್ದೇ ಎಡ, ಎಂದು ನಕ್ಕಳು, ಇಂಥ ಉತ್ತರ ಕೊಟ್ಟು ಸಂಬಳ ತೆಗೆದುಕೊಳ್ಳುವ ಕೆಲಸವೂ ಇದೆಯಲ್ಲ ಲೋಕದಲ್ಲಿ ಎಂದುಕೊಂಡೆ. ಹೊಟ್ಟೆ ಒಳಕ್ಕೆ ಎಳ್ಕೊಳ್ಳಿ, ಯಾರೋ ಗುದ್ದಿದ ಹಾಗೆ, ಬೆನ್ನು ಬಾಗಲಿ, ಉಸಿರು ಹೊರಗೆ, ಈಗ ಬಿಡಿ, ಇದಕ್ಕೆ ಕಾಂಟ್ರಾಕ್ಷನ್ ಅನ್ನುತ್ತಾರೆ, ಗುದ್ದಿಸಿಕೊಳ್ಳುವುದಕ್ಕೂ ಒಂದು ಹೆಸರು, ಬೇಕರಿಯವಳು ಗುದ್ದಿಸಿಕೊಂಡಾಗಲೂ ನಗುತ್ತಾಳೆ, ಅವಳಿಗೆ ಹೊಟ್ಟೆ ಒಳಕ್ಕೆ ಹೋಗುವ ಬದಲು ಪಕ್ಕಕ್ಕೆ ಹೋಗುತ್ತದೆ, ಡಾಕ್ಟರ್ ಸಾಯುತ್ತಿರುವವನ ಹಾಗೆ ಮುಖ ಮಾಡಿಕೊಂಡಿದ್ದಾನೆ, ಅವನ ಮಾವ ಮೊಬೈಲಿನಲ್ಲಿ ಹಿಡಿಯುತ್ತಿದ್ದಾನೆ, ನನ್ನ ಗಂಡ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತುತ್ತಾನೆ, ಅವನಿಗೆ ಎಲ್ಲವೂ ಚೆನ್ನಾಗಿದೆ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಗುಂಡಿ ಒತ್ತುವ ಕೆಲಸ, ಒತ್ತಿದರೆ ನೀರು ಬರುತ್ತದೆ, ಬಂದರೆ ಚೆನ್ನಾಗಿದೆ, ಭಾನುವಾರ ತಂಗಿಯ ಮನೆಗೆ ಹೋಗಿ ಮಗಳನ್ನು ನೋಡಿಕೊಂಡು ಬರುತ್ತಾನೆ, ಹೇಗಿದ್ದಾಳೆ, ಚೆನ್ನಾಗಿದಾಳೆ, ಏನು ತಿಂದಳು, ಊಟ, ನನ್ನ ಬಗ್ಗೆ ಏನಾದರೂ, ಕೇಳಿದ್ಲು, ಏನು ಕೇಳಿದಳು, ಅದೇ ಹೇಗಿದಾಳೆ ಅಂತ, ನೀವೇನಂದಿರಿ, ಚೆನ್ನಾಗಿದಾಳೆ ಅಂದೆ, ಇಂಥವನ ಕೈಯಲ್ಲಿ ಸುದ್ದಿ ಕಳಿಸುವುದೂ ಒಂದೇ ಕಲ್ಲಿನ ಹತ್ತಿರ ಮಾತಾಡುವುದೂ ಒಂದೇ. ನಾದಿನಿಯಾದರೆ ಇನ್ನೊಂದು ತೂಕ, ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ, ಇಡೀ ದಿನ ಕನ್ನಡಿಯ ಮುಂದೆ ಹೆಂಗಸರಿಗೆ ಚೆಂದ ಕಾಣ್ತೀರಿ ಚೆಂದ ಕಾಣ್ತೀರಿ ಎಂದು ಹೇಳಿ ಹೇಳಿ ಅದೇ ನಾಲಿಗೆ ಮನೆಯಲ್ಲೂ ಓಡುತ್ತದೆ, ನನ್ನ ಮಗಳಿಗೆ ದಿನಕ್ಕೆ ನಲವತ್ತು ಸಲ ಚೆಂದ ಎನ್ನುತ್ತಾಳಂತೆ, ಅತ್ತಿಗೆ, ಅವಳು ಬರ್ತಾಳೆ, ನೀವು ಸ್ವಲ್ಪ ಬಾಯಿ ಹಿಡ್ಕೊಂಡ್ರೆ ಬರ್ತಾಳೆ, ಎಂದಳು ಫೋನಿನಲ್ಲಿ, ಹಿಡಿದುಕೊಂಡಿದ್ದೇನೆ, ಹನ್ನೆರಡು ವಾರದಿಂದ ಹಿಡಿದುಕೊಂಡಿರುವುದು ಮತ್ತೇನನ್ನು, ಎಲ್ಲ ಒಳಗೇ ಬೈದುಕೊಳ್ಳುತ್ತಿದ್ದೇನೆ, ಮನೆ ಎಷ್ಟು ಸದ್ದಿಲ್ಲದೆ ಇದೆ ಎಂದು ನಾನು ಯಾರಿಗೂ ಹೇಳಲಿಲ್ಲ, ಅವಳ ಕೋಣೆಯ ಬಾಗಿಲನ್ನು ದಿನಾ ತೆರೆದು ಮುಚ್ಚುತ್ತೇನೆ, ಕೀಲು ತುಕ್ಕು ಹಿಡಿಯಬಾರದು ಎಂದು ಗಂಡನಿಗೆ ಹೇಳಿದ್ದೇನೆ.

ಈಗ ಬೀಳಿ, ಮೆಲ್ಲಗೆ, ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಕೈ, ನೆಲ ನಿಮ್ಮ ಶತ್ರು ಅಲ್ಲ, ಬಿದ್ದು ಹಾಗೇ ಉರುಳಿ ಏಳಿ — ಬಿದ್ದೆ, ಉರುಳಿದೆ, ಡೊಂಕು ನೆಲ ಬೇಕಾದದ್ದಕ್ಕಿಂತ ಒಂದು ಸುತ್ತು ಜಾಸ್ತಿಯೇ ಉರುಳಿಸಿತು, ಎದ್ದಾಗ ನೋಡಿದರೆ ಹಲಗೆಯ ಮೇಲೆ ನನ್ನ ಪಾದದ ಬೆವರಿನ ಗುರುತು, ಹಿಮ್ಮಡಿ, ಅದರ ಮುಂದೆ ಐದು ಚುಕ್ಕೆ, ನೋಡನೋಡುತ್ತಲೇ ಆರಿ ಹೋಯಿತು, ಐದು ಚುಕ್ಕೆ, ಎಲ್ಲೋ ನೋಡಿದ ಹಾಗಿದೆ, ಎಲ್ಲಿ, ಯೋಚಿಸುವಷ್ಟರಲ್ಲಿ ಭುಜ ಮಾತ್ರ, ಭುಜ ಮಾತ್ರ ಕುಣಿಸಿ, ಸೊಂಟ ಅಲುಗಬಾರದು, ಜಾಝ್ ಬಂತು, ಇದರಲ್ಲಿ ಒಂದು ಅಂಗ ಕುಣಿದರೆ ಇನ್ನೊಂದು ಸುಮ್ಮನಿರಬೇಕಂತೆ, ಎದೆಗೂಡು ಬಲಕ್ಕೆ, ಎದೆಗೂಡು ಎಡಕ್ಕೆ, ನಡುವೆ ಬಂದು ನಿಲ್ಲಿ, ಡಾಕ್ಟರನ ಎದೆಗೂಡು ಎಲ್ಲೂ ಹೋಗುವುದಿಲ್ಲ, ಕತ್ತು ಮಾತ್ರ ಹೋಗುತ್ತದೆ, ಕೋಳಿ, ನನಗೆ ಬರುತ್ತದೆ ಇದು, ಹೇಳಿಕೊಳ್ಳಬಾರದು, ಉಗ್ರಾಣದಲ್ಲಿ ಡಬ್ಬಿಗಳ ನಡುವೆ ಊಟದ ಹೊತ್ತಿನಲ್ಲಿ ಒಬ್ಬಳೇ ಮಾಡಿ ಮಾಡಿ ನೋಡಿದ್ದೇನೆ, ಒಂದು ದಿನ ಮೇಸ್ತ್ರಿ ಬಂದುಬಿಟ್ಟ, ಏನಮ್ಮ ಬೆನ್ನು ನೋವಾ ಎಂದ, ಹೌದು ಎಂದೆ, ಸತ್ಯ ಹೇಳಬೇಕೆಂದರೆ ಅಂದು ಎಂಟರವರೆಗೆ ಎಣಿಸಿ ಸರಿಯಾಗಿ ಬಂದು ನಿಂತಾಗ ಮೈಯೆಲ್ಲ ಹಗುರವಾಗಿತ್ತು, ಇದಕ್ಕಾ ಇವಳು ಎಂಟು ವರ್ಷದಿಂದ ಸಾಯುತ್ತಿದ್ದದ್ದು ಎಂದುಕೊಂಡೆ, ತಕ್ಷಣ ಅವಳಿಗೆ ಹೇಳಬೇಕು ಅನ್ನಿಸಿತು, ಡಬ್ಬಿಗಳು ಬಿಟ್ಟರೆ ಹೇಳಲು ಯಾರೂ ಇರಲಿಲ್ಲ.

ಶೂ ಹಾಕ್ಕೊಳ್ಳಿ, ಕೊನೆಯದು, ಮೂರೂ ಸೇರಿಸಿ ಮೂವತ್ತೆರಡು ಎಣಿಕೆ, ಬೇಗ ಬೇಗ, ಗುಡ್ಡೆಯ ಮುಂದೆ ಎಲ್ಲರೂ ಬಗ್ಗಿ ಕೆದಕುತ್ತಾರೆ, ಕೋಳಿಗಳು ಕಾಳು ಕೆದಕುವ ಹಾಗೆ, ಬೇಕರಿಯವಳು ನನ್ನವನ್ನು ಹುಡುಕಿ ಕೈಗೆ ಕೊಡುತ್ತಾಳೆ, ತಗೊಳ್ಳಿ ಅಕ್ಕ ನಿಮ್ದು, ಅದೇ ಗಳಿಗೆಯಲ್ಲಿ ಬಾಗಿಲು, ಮೊದಲು ನಾದಿನಿಯ ಕೂದಲು, ಈ ವಾರ ತಾಮ್ರದ ಬಣ್ಣ, ಅವಳ ಹಿಂದೆ ಮಗಳು. ತೆಳ್ಳಗಾಗಿದ್ದಾಳೆ, ಕೂದಲು ಕತ್ತರಿಸಿಬಿಟ್ಟಿದ್ದಾಳೆ ಆ ಹಾಳಾದವಳು, ಕಿವಿಯವರೆಗೆ, ಕತ್ತು ಎಷ್ಟುದ್ದ ಕಾಣುತ್ತದೆ, ಕೂರುವುದಿಲ್ಲ, ಗೋಡೆಗೆ ಒರಗಿ ನಿಂತಳು, ನನ್ನನ್ನು ನೋಡುತ್ತಾಳೋ ಇಲ್ಲವೋ, ನೋಡಿದಳು, ಮುಖ ತಿರುಗಿಸಲಿಲ್ಲ, ಕೈ ತಾನೇ ಶೂ ಎಳೆದುಕೊಳ್ಳುತ್ತಿದೆ, ಒಂದು, ಎರಡು, ಕಣ್ಣು ಅವಳ ಮೇಲೆಯೇ, ಐದು ಆರು ಏಳು ಎಂಟು, ಎಂಟು ಮುಗಿದ ಮೇಲೆ ಶುರು ಡಾಕ್ಟ್ರೇ, ಪ್ಲಿಯೇ, ಬಲಗಾಲು ಚಾಚಿ, ಏನಿದು, ಚುಚ್ಚುತ್ತಿದೆ, ಹೆಬ್ಬೆರಳಿನ ಹತ್ತಿರ ಏನೋ ಒತ್ತುತ್ತಿದೆ, ಎಡಗಾಲಿನಲ್ಲೂ, ಮಾಡಿದವನ ಕೈ ಸೇದಿಹೋಗಲಿ, ಕಳಪೆ ಮಾಲು, ಮೂರು ತಿಂಗಳಿಗೇ ಆಕಾರ ಕೆಡುತ್ತದೆ, ಹೊಟ್ಟೆ ಒಳಕ್ಕೆ, ಬೆನ್ನು, ಬಿಡಿ, ಎದೆಗೂಡು ಬಲಕ್ಕೆ, ಬೆರಳುಗಳಿಗೆ ಕೂರಲು ಜಾಗವೇ ಇಲ್ಲ, ಬೇರೆ ಯಾರದ್ದೋ ಮನೆಗೆ ಹೊಕ್ಕ ಹಾಗೆ, ಬೇಕರಿಯವಳದ್ದನ್ನು ಹಾಕಿಕೊಂಡೆನೇ, ಇಲ್ಲ, ನನ್ನದೇ, ಅಂಚಿನಲ್ಲಿ ನನ್ನದೇ ಹೊಲಿಗೆ, ಹದಿನೇಳು, ಹದಿನೆಂಟು, ಎಲ್ಲರೂ ಬಲಕ್ಕೆ ಹೋದರು, ನಾನೊಬ್ಬಳು ಇಲ್ಲೇ ನಿಂತೆ, ಡಾಕ್ಟರ್ ಕೂಡ ಬಲಕ್ಕೆ ಹೋದ, ಅವನ ಅತ್ತೆ ನೋಡುತ್ತಿದ್ದಾಳೆ, ಗಂಡ ಹೆಬ್ಬೆರಳು ಎತ್ತಿಯೇ ಇದ್ದಾನೆ, ಇಳಿಸಪ್ಪ ಅದನ್ನು, ನನ್ನ ಕಾಲು ನೋಡುತ್ತಿದ್ದಾಳೆ ಮಗಳು, ಮುಖವಲ್ಲ, ಕಾಲು, ಎರಡು ಹೆಜ್ಜೆ ಮುಂದೆ ಬಂದಳು, ಅಮ್ಮಾ, ಶೂ ಅದಲುಬದಲಾಗಿದೆ.

ನಾಲ್ಕು ತಿಂಗಳಲ್ಲಿ ಮೊದಲ ಮಾತು, ಅಮ್ಮ ಎಂದಳು, ಮೊದಲು ಅಮ್ಮ ಎಂದಳು, ಆಮೇಲೆ ಉಳಿದದ್ದು, ಕೊಂಕಿಲ್ಲ, ಸೇಡಿಲ್ಲ, ಕಾಲು ನೋಯುತ್ತದಲ್ಲ ಎಂಬ ದನಿ, ನನ್ನ ನಾಲಿಗೆಯ ಮೇಲೆ ಉತ್ತರ ಸಿದ್ಧವಾಗಿದೆ, ಅದಲುಬದಲು ಹೇಗಾಗುತ್ತದೆ, ಇದಕ್ಕೆ ಎಡ ಬಲ ಎಲ್ಲಿದೆ, ನೀನೇ ತಾನೇ ಹೇಳಿದ್ದು, ಮುಠ್ಠಾಳರು ಮಾಡಿದ ಜೋಡು, ಬಾಯಿ ತೆರೆದೂ ಆಯಿತು, ಮುಚ್ಚಿಕೊಂಡು ಕೂತುಬಿಟ್ಟೆ, ನೆಲದ ಮೇಲೆ, ನನ್ನ ಎರಡೂ ಪಕ್ಕದಲ್ಲಿ ಎಲ್ಲರೂ ಇಪ್ಪತ್ತೈದು ಇಪ್ಪತ್ತಾರು ಎಂದು ಹಾದು ಹೋಗುತ್ತಿದ್ದಾರೆ, ನಿಂತು ಮಾಡಿ ಮೇಡಂ, ಎಡದ್ದು ಕಿತ್ತೆ, ಒಳಗೆ ಹೆಬ್ಬೆರಳು ತೂರಿಸಿದೆ, ಇಪ್ಪತ್ತೆರಡು ವರ್ಷದ ಅಭ್ಯಾಸ, ತುದಿಯಿಂದ ಹಿಂದಕ್ಕೆ ಒಂದೇ ಎಳೆತ, ಎಳೆಯಲಾಗಲಿಲ್ಲ, ಹೆಬ್ಬೆರಳು ಸಿಕ್ಕಿಕೊಂಡಿತು, ಗುಳಿ, ಒಂದು ಗುಳಿ, ಪಕ್ಕದಲ್ಲಿ ಇನ್ನೊಂದು, ನನ್ನ ಬೆರಳುಗಳೇ ತೋಡಿಕೊಂಡ ಗುಳಿ, ಹನ್ನೆರಡು ವಾರ ಮಂಡಿ ಮಡಿಸಿ ಮಡಿಸಿ ಒತ್ತಿದ್ದು, ಹೊಸದಾಗಿದ್ದಾಗ ಇರಲಿಲ್ಲ, ಹಾಕಿಕೊಂಡು ಹಾಕಿಕೊಂಡು ಒಂದು ಎಡವಾಯಿತು ಒಂದು ಬಲವಾಯಿತು, ನಾನೇ ಮಾಡಿದ್ದು, ನನ್ನ ಕಾಲು, ಹಾಗಾದರೆ ಆ ಶನಿವಾರ ನನ್ನ ಹೆಬ್ಬೆರಳಿಗೆ ಸಿಕ್ಕಿದ್ದು, ಬಿಸಿ ಕಬ್ಬಿಣ, ಉಜ್ಜಿ ಉಜ್ಜಿ, ಹತ್ತೂ ಹೋಗುವವರೆಗೆ, ಥೂ, ಕಣ್ಣಿದ್ದವಳಂತೆ, ಕೊನೆಯ ಮೇಜಂತೆ, ಮಗಳು ಹುಟ್ಟಿದ ದಿನ ದಾದಿ ತೋರಿಸಿದ್ದಳಲ್ಲ, ಎಡಗಾಲಿನ ಕಿರುಬೆರಳು ಪಕ್ಕದ್ದರ ಕೆಳಗೆ ಮಲಗಿಕೊಂಡಿದೆ ನೋಡಿ, ಏನೂ ತೊಂದ್ರೆ ಇಲ್ಲ, ಎಣ್ಣೆ ಹಚ್ಚಿ ಹಚ್ಚಿ ಎಳೆದು ನೆಟ್ಟಗೆ ಮಾಡಲು ನೋಡಿದೆ ಒಂದು ವರ್ಷ, ಬಿಟ್ಟರೆ ಮತ್ತೆ ಕೆಳಗೆ ಸರಿದು ಅಡಗಿಕೊಳ್ಳುತ್ತಿತ್ತು, ಮುತ್ತು ಕೊಡುತ್ತಿದ್ದೆ ಅದಕ್ಕೆ, ಬೇರೆ ಒಂಬತ್ತಕ್ಕೆ ಕೊಡದಷ್ಟು, ಸಂಗೀತ ನಿಂತಿದೆ, ಮಗಳು ಮುಂದೆ ಮಂಡಿಯೂರಿ ಕೂತಿದ್ದಾಳೆ, ಕೊಡಮ್ಮ ಇಲ್ಲಿ, ನಾನು ಸರಿ ಮಾಡ್ತೀನಿ, ಕೈ ಚಾಚಿದ್ದಾಳೆ, ಕೊಡಲಾರೆ, ನನ್ನ ಹೆಬ್ಬೆರಳು ಇನ್ನೂ ಒಳಗಿದೆ, ಒಂದು ಎರಡು ಮೂರು ನಾಲ್ಕು ಗುಳಿ ದಾಟಿ ಬಂದಿದೆ, ನನ್ನ ಐದನೆಯದು ಸಾಲಿನಲ್ಲೇ ಇದೆ, ಪಕ್ಕದಲ್ಲೇ, ನೆಟ್ಟಗೆ, ಅಲ್ಲಿಗೆ ಹೋಗುತ್ತಿಲ್ಲ ಹೆಬ್ಬೆರಳು, ನಾಲ್ಕನೆಯದರ ಕೆಳಗೆ ಹುಡುಕುತ್ತಿದೆ, ನಾಲ್ಕನೆಯದರ ಕೆಳಗೆ